ಹಸುವಿನ ಔಷಧವೂ ಹಾಲಿನ ವರ್ಜ್ಯಕಾಲವೂ

ರಾತ್ರಿ ಹಾಲಿಗೆ ಹೆಪ್ಪು ಹಾಕಿಟ್ಟು ಬೆಳಗ್ಗೆ ಮುಚ್ಚಳ ತೆಗೆದು ನೋಡಿದಾಗ, ಹಾಲು ಹಾಲಾಗಿಯೇ ಉಳಿದಿರುವುದನ್ನು ಅನೇಕ ಗೃಹಿಣಿಯರು ಕಂಡಿರುತ್ತಾರೆ. ಚಳಿಗಾಲವಾದರೆ ಅವರು ಚಳಿಯನ್ನು ದೂರುತ್ತಾರೆ. ಹೆಪ್ಪು ಹಳೆಯದಾಗಿದ್ದರೆ ಹೆಪ್ಪನ್ನು. ಹಾಲು ಆರುವ ಮೊದಲೇ ಹೆಪ್ಪು ಹಾಕಿದ್ದರೆ ತಮ್ಮ ಅವಸರವನ್ನು. ಬಹುಮಟ್ಟಿಗೆ ಈ ದೂರು ಸರಿಯಾಗಿಯೇ ಇರುವುದು. ಆದರೆ ಒಮ್ಮೆ ನಮ್ಮ ಮನೆಯಲ್ಲಿ ಈ ಮೂರರಲ್ಲಿ ಯಾವುದೂ ಕಾರಣವಾಗಿರಲಿಲ್ಲ. ಅದು ಬೇಸಗೆಯ ದಿನ. ಅದೇ ಹೆಪ್ಪಿನಿಂದ ನೆರೆಮನೆಯ ಹಾಲು ಗಟ್ಟಿ ಮೊಸರಾಗಿತ್ತು. ವಿಚಾರಿಸಲಾಗಿ ತಿಳಿದುಬಂದುದಿಷ್ಟು: ನಮಗೆ ಹಾಲು ಕೊಡುವವರ ಹಸುವಿಗೆ ಕೆಚ್ಚಲುಬಾವು ಬಂದಿತ್ತು, ಹಿಂದಿನ ದಿನವಷ್ಟೇ ಮೊಲೆಯ ರಂಧ್ರದ ಮೂಲಕ ಕೆಚ್ಚಲಿಗೆ ಔಷಧವನ್ನು ಏರಿಸಿದ್ದರು. ಬಾವು ಇಳಿದು ಹಾಲು ಬೆಳ್ಳಗೆ ಬಂದುದನ್ನು ಕಂಡು, ಎಲ್ಲವೂ ಸರಿಹೋಯಿತೆಂದು ಅವರು ಹಾಲನ್ನು ಕೊಟ್ಟಿದ್ದರು. ಅವರಲ್ಲಿ ಮೋಸವಿರಲಿಲ್ಲ. ಔಷಧದ ಪೊಟ್ಟಣದ ಮೇಲೆ ಸಣ್ಣ ಅಕ್ಷರದಲ್ಲಿ ಅಚ್ಚಾಗಿದ್ದ ಒಂದು ಸಾಲನ್ನು ಅವರಿಗೆ ಯಾರೂ ಓದಿ ಹೇಳಿರಲಿಲ್ಲ, ಅಷ್ಟೆ.

ಆ ಒಂದು ಸಾಲೇ ಈ ಲೇಖನದ ವಿಷಯ. ಔಷಧದ ಕೊನೆಯ ಪ್ರಮಾಣವನ್ನು ಕೊಟ್ಟ ಮೇಲೆ ಇಂತಿಷ್ಟು ಕಾಲ ಆ ಪ್ರಾಣಿಯ ಹಾಲನ್ನು ಮನುಷ್ಯರ ಆಹಾರಕ್ಕೆ ಬಳಸಕೂಡದೆಂದು ಅದು ಹೇಳುತ್ತದೆ. ಪಂಚಾಂಗದಲ್ಲಿ ಶುಭಕಾರ್ಯಕ್ಕೆ ಸಲ್ಲದ ಹೊತ್ತನ್ನು ವರ್ಜ್ಯವೆಂದು ಕರೆಯುವುದು ನಮ್ಮಲ್ಲಿ ರೂಢಿ. ಅದೇ ಮಾತನ್ನು ಎರವಲು ಪಡೆದು, ಹಾಲು ಸಲ್ಲದ ಈ ಅವಧಿಯನ್ನು ನಾವು ವರ್ಜ್ಯಕಾಲವೆಂದು ಕರೆಯೋಣ. ಪಂಚಾಂಗದ ವರ್ಜ್ಯವನ್ನು ನಕ್ಷತ್ರದಿಂದ ಲೆಕ್ಕ ಹಾಕುತ್ತಾರೆ. ಹಾಲಿನ ವರ್ಜ್ಯಕಾಲವನ್ನು ಲೆಕ್ಕ ಹಾಕುವ ಕ್ರಮವೋ, ಕಾಲೇಜಿನ ತರಗತಿಯಲ್ಲಿ ವಿಕಿರಣಶೀಲ ಧಾತುಗಳ ವಿಷಯವಾಗಿ ನಾವು ಕಲಿಸುವ ಕ್ರಮವೇ ಆಗಿದೆ. ಭೌತವಿಜ್ಞಾನದ ಅಧ್ಯಾಪಕನೊಬ್ಬನು ಪಶುವೈದ್ಯದ ಕಾನೂನನ್ನು ಕುರಿತು ಬರೆಯಲು ಇದೇ ಸಮರ್ಥನೆ.

ಔಷಧವು ಹಾಲಿಗೆ ಬರುವ ಬಗೆ

ಕೆಚ್ಚಲೊಳಗೆ ನೇರವಾಗಿ ಏರಿಸಿದ ಔಷಧ ಹಾಲಿನಲ್ಲಿ ಸೇರುವುದು ಆಶ್ಚರ್ಯವಲ್ಲ. ಆದರೆ ಕುತ್ತಿಗೆಯ ಸ್ನಾಯುವಿಗೆ ಚುಚ್ಚಿದ ಔಷಧವೂ ಹಾಲಿಗೆ ಬರುವುದೇಕೆ? ಹಾಲು ಉತ್ಪನ್ನವಾಗುವುದೇ ರಕ್ತದಿಂದ. ಒಂದು ಲೀಟರು ಹಾಲು ಉಂಟಾಗಬೇಕಾದರೆ ಸುಮಾರು 400ರಿಂದ 500 ಲೀಟರು ರಕ್ತವು ಕೆಚ್ಚಲಿನ ಮೂಲಕ ಹರಿದುಹೋಗಬೇಕು. ಇಷ್ಟು ರಕ್ತ ಹರಿಯುವಾಗ ಅದರಲ್ಲಿ ಕರಗಿರುವ ಔಷಧದ ಅಲ್ಪಾಂಶವು ಹಾಲಿನ ಕಡೆಗೆ ದಾಟುವುದು ಅನಿವಾರ್ಯ. ರಕ್ತಕ್ಕಿಂತ ಹಾಲು ಸ್ವಲ್ಪ ಹೆಚ್ಚು ಆಮ್ಲೀಯವಾದುದರಿಂದ, ದುರ್ಬಲ ಪ್ರತ್ಯಾಮ್ಲಗಳಾದ ಕೆಲವು ಔಷಧಗಳು ಹಾಲಿಗೆ ಬಂದ ಮೇಲೆ ವಿದ್ಯುದಂಶವನ್ನು ಪಡೆದು ಹಿಂದಿರುಗಲಾರದೆ ಅಲ್ಲಿಯೇ ಸಿಕ್ಕಿಬೀಳುತ್ತವೆ. ಎರಿತ್ರೋಮೈಸಿನ್ ಇಂತಹುದು, ಅದರ ಸಾಂದ್ರತೆ ರಕ್ತಕ್ಕಿಂತ ಹಾಲಿನಲ್ಲಿಯೇ ಅಧಿಕವಾಗಿರುವುದು.

ಹೀಗೆ ಹಾಲಿನಲ್ಲಿ ಉಳಿಯುವ ಔಷಧಾಂಶಕ್ಕೆ ಶೇಷವೆಂದು ಹೆಸರು. ಇದನ್ನು ಮೊದಲು ಕಂಡುಕೊಂಡವರಲ್ಲಿ ಗಿಣ್ಣಿನ ಕೈಗಾರಿಕೆಯವರು ಮುಖ್ಯರು. 1940ರ ದಶಕದಲ್ಲಿ ಕೆಚ್ಚಲುಬಾವಿಗೆ ಪೆನಿಸಿಲಿನ್ ಬಳಕೆಗೆ ಬಂದಿತು. ಅದರ ಬೆನ್ನಲ್ಲೇ ಪಾಶ್ಚಾತ್ಯ ದೇಶಗಳ ಗಿಣ್ಣಿನ ಕಾರ್ಖಾನೆಗಳಲ್ಲಿ ಹಾಲು ಹುಳಿಯಾಗದೆ ನಿಲ್ಲತೊಡಗಿತು. ಹೆಪ್ಪಿನಲ್ಲಿರುವ ಲ್ಯಾಕ್ಟಿಕ್ ಜೀವಾಣುಗಳು ಪೆನಿಸಿಲಿನ್ನಿಗೆ ಅತ್ಯಂತ ಸುಲಭವಾಗಿ ಸೋಲುತ್ತವೆ. ರೋಗದ ಜೀವಾಣುವನ್ನು ಕೊಲ್ಲಲು ಬಂದ ಔಷಧ ಮೊಸರಿನ ಜೀವಾಣುವನ್ನೂ ಬಿಡಲಿಲ್ಲ.

ಹಾಲನ್ನು ಕಾಯಿಸಿದರೆ ದೋಷ ಹೋಗುವುದೆಂದು ಅನೇಕರು ನಂಬಿದ್ದಾರೆ. ಕಾಯಿಸುವುದರಿಂದ ರೋಗದ ಜೀವಾಣುಗಳು ಸಾಯುತ್ತವೆ, ನಿಜ. ಆದರೆ ಔಷಧವು ಜೀವಿಯಲ್ಲ, ರಾಸಾಯನಿಕ ವಸ್ತು. ಮನೆಯ ಒಲೆಯ ಕಾವಿಗಾಗಲಿ ಪಾಶ್ಚರೀಕರಣದ ಕಾವಿಗಾಗಲಿ ಅದರ ಬಹುಭಾಗ ಹಾಗೆಯೇ ಉಳಿಯುವುದು. ಆದುದರಿಂದ ಶೇಷವನ್ನು ತಡೆಯತಕ್ಕ ಸ್ಥಳ ಅಡಿಗೆಮನೆಯಲ್ಲ, ಕೊಟ್ಟಿಗೆ.

ಅರ್ಧಾಯುವಿನ ಲೆಕ್ಕ

ಶರೀರವು ಔಷಧವನ್ನು ಹೊರಹಾಕುವ ವೇಗವು, ಬಹುಮಟ್ಟಿಗೆ, ಆ ಹೊತ್ತಿನಲ್ಲಿ ಉಳಿದಿರುವ ಔಷಧದ ಪ್ರಮಾಣವನ್ನೇ ಅನುಸರಿಸುತ್ತದೆ. ಹೆಚ್ಚಿದ್ದರೆ ಹೆಚ್ಚು ಹೋಗುವುದು, ಕಡಿಮೆಯಿದ್ದರೆ ಕಡಿಮೆ ಹೋಗುವುದು. ವಿಕಿರಣಶೀಲ ಧಾತುವಿನ ಪರಮಾಣುಗಳೂ ಹೀಗೆಯೇ ಕ್ಷಯಿಸುತ್ತವೆ. ಪ್ರಮಾಣವು ಅರ್ಧಕ್ಕಿಳಿಯಲು ಬೇಕಾಗುವ ಕಾಲಕ್ಕೆ ಅರ್ಧಾಯುವೆಂದು ಹೆಸರು. ಮೊದಲ ಅರ್ಧಾಯು ಕಳೆದಾಗ ಅರ್ಧ, ಎರಡನೆಯದರಲ್ಲಿ ಕಾಲು, ಮೂರನೆಯದರಲ್ಲಿ ಅರೆಕಾಲು ಉಳಿಯುವುದು.

ಒಂದು ಕಲ್ಪಿತ ಉದಾಹರಣೆಯಿಂದ ಇದನ್ನು ವಿಶದಪಡಿಸಬಹುದು. ಚಿಕಿತ್ಸೆ ಮುಗಿದ ಮೇಲೆ ಮೊದಲ ಸಲ ಕರೆದ ಹಾಲಿನಲ್ಲಿ ಕಿಲೋಗ್ರಾಮಿಗೆ 4,096 ಮೈಕ್ರೋಗ್ರಾಂ ಪೆನಿಸಿಲಿನ್ ಇದೆಯೆಂದೂ, ಅರ್ಧಾಯು 12 ಗಂಟೆ, ಎಂದರೆ ಒಂದು ಕರಾವಿನಿಂದ ಇನ್ನೊಂದು ಕರಾವಿನವರೆಗೆ, ಎಂದೂ ಭಾವಿಸೋಣ. (ಒಂದು ಮೈಕ್ರೋಗ್ರಾಂ ಎಂದರೆ ಗ್ರಾಮಿನ ಹತ್ತು ಲಕ್ಷದ ಒಂದು ಭಾಗ.) ಮುಂದಿನ ಕರಾವುಗಳಲ್ಲಿ ಕ್ರಮವಾಗಿ 2,048, 1,024, 512, 256, 128, 64, 32, 16, 8, 4 ಮೈಕ್ರೋಗ್ರಾಂ ಇರುವುವು. ಹತ್ತು ಅರ್ಧಾಯುಗಳಲ್ಲಿ, ಎಂದರೆ 120 ಗಂಟೆಗಳಲ್ಲಿ, 4 ಮೈಕ್ರೋಗ್ರಾಮಿಗೆ ಇಳಿದೆವು. ಇನ್ನೂ ಮುಂದೆ ಹೋದರೆ 2, 1, ಅರ್ಧ, ಕಾಲು. ಸೊನ್ನೆ ಮಾತ್ರ ಈ ಲೆಕ್ಕದಲ್ಲಿ ಎಂದಿಗೂ ಬಾರದು.

ಈ ಒಂದು ಗಣಿತಸತ್ಯದಲ್ಲಿ ಕಾನೂನಿನ ತೊಡಕೆಲ್ಲ ಅಡಗಿದೆ. "ಹಾಲಿನಲ್ಲಿ ಔಷಧವೇ ಇರಕೂಡದು" ಎಂದು ಶಾಸನ ಮಾಡುವುದು ಸುಲಭ. ಆದರೆ ಅಳೆಯುವ ಉಪಕರಣ ಸೂಕ್ಷ್ಮವಾದಷ್ಟೂ, ನಿನ್ನೆ ಶುದ್ಧವೆನಿಸಿದ ಹಾಲು ಇಂದು ಅಶುದ್ಧವೆನಿಸುವುದು. ಆದುದರಿಂದ ಕಾನೂನು ಎಲ್ಲಿಯಾದರೂ ಒಂದು ಗೆರೆಯನ್ನು ಎಳೆಯಲೇಬೇಕು. ಆ ಗೆರೆಗೆ ಗರಿಷ್ಠ ಶೇಷಮಿತಿ ಎಂದು ಹೆಸರು.

ಎಷ್ಟರಮಟ್ಟಿಗೆ ನಿರಪಾಯ?

ಗೆರೆಯನ್ನು ಮನಬಂದಂತೆ ಎಳೆಯುವುದಿಲ್ಲ. ಸಾಮಾನ್ಯ ಕ್ರಮ ಹೀಗಿದೆ: ಪ್ರಯೋಗಶಾಲೆಯ ಪ್ರಾಣಿಗಳಲ್ಲಿ ಯಾವ ದುಷ್ಪರಿಣಾಮವನ್ನೂ ತೋರದ ಅತ್ಯಧಿಕ ಪ್ರಮಾಣವನ್ನು ಕಂಡುಹಿಡಿಯುತ್ತಾರೆ. ಅದನ್ನು ಬಹುಶಃ ನೂರರಿಂದ ಭಾಗಿಸಿ, ಮನುಷ್ಯನು ಜೀವಮಾನವಿಡೀ ದಿನವೂ ಸೇವಿಸಿದರೂ ಬಾಧಕವಲ್ಲದ ಪ್ರಮಾಣವನ್ನು ನಿರ್ಣಯಿಸುತ್ತಾರೆ. ಬಳಿಕ ಒಬ್ಬ ಮನುಷ್ಯನು ದಿನಕ್ಕೆ ಒಂದೂವರೆ ಲೀಟರು ಹಾಲು, 300 ಗ್ರಾಂ ಮಾಂಸ, 100 ಗ್ರಾಂ ಪಿತ್ತಕೋಶ, 50 ಗ್ರಾಂ ಮೂತ್ರಪಿಂಡ ಮುಂತಾದುವನ್ನು ತಿನ್ನುವನೆಂದು, ಉದಾರವಾಗಿ ಊಹಿಸಿ, ಆ ಪ್ರಮಾಣವನ್ನು ಈ ಆಹಾರಗಳ ಮೇಲೆ ಹಂಚುತ್ತಾರೆ.

ಪೆನಿಸಿಲಿನ್ನಿನ ವಿಷಯದಲ್ಲಿ ಮಾತ್ರ ಆಧಾರವೇ ಬೇರೆ. ಅದು ಹೆಚ್ಚಿನವರಿಗೆ ವಿಷವಲ್ಲ. ಆದರೆ ಕೆಲವರ ದೇಹಕ್ಕೆ ಅದು ಒಗ್ಗದು. ಅಂತಹವರಿಗೆ ಅಲ್ಪಪ್ರಮಾಣದಿಂದಲೂ ಮೈಮೇಲೆ ದದ್ದು, ಉಸಿರಾಟದ ತೊಂದರೆ ಮುಂತಾದುವು ತಲೆದೋರಬಹುದು. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಆಹಾರ ಹಾಗೂ ಕೃಷಿ ಸಂಸ್ಥೆಗಳ ಜಂಟಿ ತಜ್ಞಸಮಿತಿಯು 1990ರಲ್ಲಿ ಈ ವಿಷಯವನ್ನು ಪರಿಶೀಲಿಸಿ, ಆಹಾರದ ಮೂಲಕ ಒಬ್ಬನ ದೇಹಕ್ಕೆ ದಿನಕ್ಕೆ 30 ಮೈಕ್ರೋಗ್ರಾಮಿಗಿಂತ ಹೆಚ್ಚು ಪೆನಿಸಿಲಿನ್ ಸೇರಕೂಡದೆಂದಿತು. ಇದನ್ನು ಅನುಸರಿಸಿ ಅಂತರರಾಷ್ಟ್ರೀಯ ಆಹಾರಸಂಹಿತೆಯಾದ ಕೋಡೆಕ್ಸ್, ಹಾಲಿನಲ್ಲಿ ಕಿಲೋಗ್ರಾಮಿಗೆ 4 ಮೈಕ್ರೋಗ್ರಾಂ, ಮಾಂಸ ಪಿತ್ತಕೋಶ ಮೂತ್ರಪಿಂಡಗಳಲ್ಲಿ 50 ಮೈಕ್ರೋಗ್ರಾಂ ಎಂದು ಮಿತಿಯನ್ನಿಟ್ಟಿತು.

ವಿದ್ಯಾರ್ಥಿಗಳು ಈ ಲೆಕ್ಕವನ್ನು ತಾವೇ ತಾಳೆ ನೋಡಬಹುದು. ಒಂದೂವರೆ ಲೀಟರು ಹಾಲಿನಿಂದ 6 ಮೈಕ್ರೋಗ್ರಾಂ. ಉಳಿದ 450 ಗ್ರಾಮಿನಿಂದ 22.5 ಮೈಕ್ರೋಗ್ರಾಂ, ಒಟ್ಟು 28.5. ಮೂವತ್ತರ ಗೆರೆಯೊಳಗೆ ಇದ್ದೇವೆ! ಕಾನೂನಿನ ಪುಸ್ತಕದಲ್ಲಿ ಒಣಗಿದಂತೆ ಕಾಣುವ 4 ಎಂಬ ಅಂಕಿಯ ಹಿಂದೆ ಇಂತಹ ಸರಳವಾದ ಕೂಡುವ ಲೆಕ್ಕವಿದೆ.

ಈ 4 ಎಷ್ಟು ಕಿರಿದೆಂಬುದನ್ನೂ ಮನಗಾಣಬೇಕು. ಒಂದು ಗ್ರಾಂ ಪೆನಿಸಿಲಿನ್ನನ್ನು ಎರಡೂವರೆ ಲಕ್ಷ ಕಿಲೋಗ್ರಾಂ ಹಾಲಿನಲ್ಲಿ ಕದಡಿದರೆ ಆಗ ಪ್ರತಿ ಕಿಲೋಗ್ರಾಮಿಗೆ 4 ಮೈಕ್ರೋಗ್ರಾಂ ಬರುವುದು. ಈಗ ನಮ್ಮ ಉದಾಹರಣೆಯ ಹಸುವಿಗೆ ಹಿಂದಿರುಗೋಣ. ಅದರ ಮೊದಲ ಕರಾವಿನ 5 ಕಿಲೋಗ್ರಾಂ ಹಾಲಿನಲ್ಲಿ 20,480 ಮೈಕ್ರೋಗ್ರಾಂ ಔಷಧವಿದೆ. ಇದು ಮಿತಿಗಿಳಿಯಬೇಕಾದರೆ ಒಟ್ಟು 5,120 ಕಿಲೋಗ್ರಾಮಾಗುವಷ್ಟು ಹಾಲಿನಲ್ಲಿ ಬೆರೆಯಬೇಕು. ನಮ್ಮ ಹಳ್ಳಿಗಳ ಸಹಕಾರ ಸಂಘಗಳಲ್ಲಿ ಹತ್ತಾರು ಮನೆಗಳ ಹಾಲು ಒಂದೇ ಕ್ಯಾನಿಗೆ, ಹಲವು ಹಳ್ಳಿಗಳ ಹಾಲು ಒಂದೇ ಟ್ಯಾಂಕರಿಗೆ ಸೇರುತ್ತದೆ. ಒಂದು ಹಸುವಿನ ಒಂದು ಹೊತ್ತಿನ ಹಾಲು ಐದು ಸಾವಿರ ಲೀಟರಿನ ಟ್ಯಾಂಕರೊಂದನ್ನು ಮಿತಿಯ ಅಂಚಿಗೆ ಒಯ್ಯಬಲ್ಲದೆಂಬುದು ಇದರಿಂದ ಸ್ಪಷ್ಟವಾಗುವುದು. ಬೆರೆತು ತೆಳುವಾಗುವುದಲ್ಲ ಎಂಬ ಸಮಾಧಾನವೂ ಸಲ್ಲದು. ಆ ಮನೆಯಿಂದ ನೇರವಾಗಿ ಹಾಲು ಕೊಳ್ಳುವ ನೆರೆಯವರ ಮಗುವಿಗೆ ಬೆರಕೆಯಿಲ್ಲದ ಹಾಲೇ ದೊರೆಯುತ್ತದೆ.

ವರ್ಜ್ಯಕಾಲವನ್ನು ಗೊತ್ತುಪಡಿಸುವ ಕ್ರಮ

ಮಿತಿಯೆಷ್ಟೆಂದು ತಿಳಿದ ಮೇಲೆ, ಆ ಮಿತಿಗೆ ಇಳಿಯಲು ಎಷ್ಟು ಕಾಲ ಬೇಕೆಂಬ ಪ್ರಶ್ನೆ ಉಳಿಯುವುದು. ಔಷಧ ತಯಾರಕರು ಆರೋಗ್ಯವಾಗಿರುವ ಹಸುಗಳ ಒಂದು ಗುಂಪಿಗೆ ನಿಗದಿಯಾದ ಪ್ರಮಾಣದಲ್ಲಿ ಔಷಧ ಕೊಟ್ಟು, ಪ್ರತಿಯೊಂದು ಕರಾವಿನ ಹಾಲನ್ನೂ ಪರೀಕ್ಷಿಸುತ್ತಾರೆ. ಎಲ್ಲ ಹಸುಗಳೂ ಒಂದೇ ಸಮನಲ್ಲ; ಒಂದು ಬೇಗ ಹೊರಹಾಕಿದರೆ ಇನ್ನೊಂದು ನಿಧಾನವಾಗಿ ಹೊರಹಾಕುವುದು. ಸರಾಸರಿ ಹಸುವನ್ನು ನೆಚ್ಚಿದರೆ ಹೆಚ್ಚುಕಡಿಮೆ ಅರ್ಧದಷ್ಟು ಹಸುಗಳು ಮಿತಿಯನ್ನು ಮೀರಿರುತ್ತವೆ. ಆದುದರಿಂದ ನಿಧಾನದ ಹಸುವೇ ಇಲ್ಲಿ ಅಳತೆಗೋಲು. ಯೂರೋಪಿನ ಕ್ರಮದಲ್ಲಿ ನೂರರಲ್ಲಿ 95 ಹಸುಗಳಾದರೂ, ಅಮೆರಿಕದ ಕ್ರಮದಲ್ಲಿ ನೂರರಲ್ಲಿ 99 ಹಸುಗಳಾದರೂ ಮಿತಿಯೊಳಗೆ ಬಂದಿರುವುವೆಂದು ಶೇಕಡಾ 95ರ ಭರವಸೆಯಿಂದ ಹೇಳುವಂತಿರಬೇಕು. ಆ ಹೊತ್ತಿನವರೆಗಿನ ಅವಧಿಯೇ ವರ್ಜ್ಯಕಾಲ.

ಆ ಪ್ರಯೋಗದ ಷರತ್ತುಗಳನ್ನು ಮೀರಿದರೆ ಲೇಬಲಿನ ಅಂಕಿಗೆ ಬೆಲೆಯಿಲ್ಲ. ಇದನ್ನೂ ಅರ್ಧಾಯುವಿನಿಂದಲೇ ತಿಳಿಯಬಹುದು. ನಮ್ಮ ಉದಾಹರಣೆಯಲ್ಲಿ ಔಷಧವನ್ನು ಇಮ್ಮಡಿಯಾಗಿ ಕೊಟ್ಟರೆ ಏನಾಗುವುದು? ಆರಂಭದ 4,096ಕ್ಕೆ ಬದಲಾಗಿ 8,192. ಹತ್ತು ಅರ್ಧಾಯುಗಳಿಗೆ ಬದಲಾಗಿ ಹನ್ನೊಂದು. 120 ಗಂಟೆಗೆ ಬದಲಾಗಿ 132. ಹೆಚ್ಚಳ ಒಂದು ಕರಾವಿನಷ್ಟು ಮಾತ್ರ. ಆದರೆ ಔಷಧ ಇಮ್ಮಡಿಯಾಗದೆ, ರೋಗದ ದೆಸೆಯಿಂದ ಶರೀರವು ಬಳಲಿ ಅರ್ಧಾಯು 12ರಿಂದ 18 ಗಂಟೆಗೆ ಏರಿತೆನ್ನಿ. ಆಗ ಹತ್ತು ಅರ್ಧಾಯುಗಳಿಗೆ 180 ಗಂಟೆ ಬೇಕು. ಐದು ದಿನವಿದ್ದುದು ಏಳೂವರೆ ದಿನವಾಯಿತು! ಪ್ರಮಾಣದ ವ್ಯತ್ಯಾಸ ಕೂಡಿಕೆಯಂತೆ ಸೇರುತ್ತದೆ. ಅರ್ಧಾಯುವಿನ ವ್ಯತ್ಯಾಸ ಗುಣಾಕಾರದಂತೆ ಬೆಳೆಯುತ್ತದೆ. ತೀವ್ರ ರೋಗದಿಂದ ನರಳುವ ಹಸುವಿನ ವಿಷಯದಲ್ಲಿ ಪಶುವೈದ್ಯರು ಲೇಬಲಿಗಿಂತ ಹೆಚ್ಚು ಕಾಯಬೇಕೆಂದು ಹೇಳಿದರೆ ಅದಕ್ಕೆ ಕಾರಣ ಇದೇ.

ಔಷಧದ ಹೆಸರೊಂದೇ ಆದರೆ ಸಾಲದು, ಅದರ ರೂಪವನ್ನೂ ನೋಡಬೇಕು. ಬೇಗ ಕರಗುವ ಪೆನಿಸಿಲಿನ್ ಲವಣಕ್ಕೂ, ನಿಧಾನವಾಗಿ ಕರಗುವ ಬೆಂಜಾಥಿನ್ ಪೆನಿಸಿಲಿನ್ನಿಗೂ ವರ್ಜ್ಯಕಾಲ ಒಂದೇ ಅಲ್ಲ. ಹಾಲು ಬತ್ತಿಸಿದ ಹಸುವಿನ ಕೆಚ್ಚಲಿಗೆಂದು ತಯಾರಿಸಿದ ಔಷಧಗಳು ವಾರಗಟ್ಟಲೆ ಅಲ್ಲಿಯೇ ನಿಲ್ಲಲೆಂದು ರಚಿತವಾದುವು. ಇವನ್ನು ಕರೆಯುವ ಹಸುವಿಗೆ ತಪ್ಪಿ ಏರಿಸಿದರೆ ಲೆಕ್ಕವೆಲ್ಲ ಬುಡಮೇಲಾಗುವುದು. ಈ ಕಾರಣದಿಂದಲೇ ಅಮೆರಿಕದ ಹಾಲಿನ ಸಂಹಿತೆಯು, ಕರೆಯುವ ಹಸುಗಳ ಔಷಧಗಳನ್ನೂ ಕರೆಯದ ಹಸುಗಳ ಔಷಧಗಳನ್ನೂ ಬೇರೆ ಬೇರೆಯಾಗಿ ಇಡತಕ್ಕದ್ದೆಂದು ವಿಧಿಸುತ್ತದೆ.

ನಮ್ಮ ದೇಶದ ಕಾನೂನು

ಭಾರತದಲ್ಲಿ ಈ ವಿಷಯಕ್ಕೆ ಒಂದೇ ಕಾಯಿದೆಯಿಲ್ಲ. ಹಲವು ಕಾಯಿದೆಗಳು ಹಾಲಿನ ದಾರಿಯ ಬೇರೆ ಬೇರೆ ಸ್ಥಳಗಳಲ್ಲಿ ಕಾವಲು ನಿಂತಿವೆ.

ಮೊದಲ ಕಾವಲು ಔಷಧ ತಯಾರಕನ ಬಾಗಿಲಲ್ಲಿ. 1940ರ ಔಷಧ ಕಾಯಿದೆಯ ಕೆಳಗೆ 1945ರಲ್ಲಿ ರಚಿತವಾದ ನಿಯಮಗಳಲ್ಲಿ 97ನೆಯದು ಲೇಬಲಿಗೆ ಸಂಬಂಧಿಸಿದುದು. ಪ್ರಾಣಿಯ ಔಷಧದ ಮೇಲೆ, ಇದು ಮನುಷ್ಯರ ಬಳಕೆಗಲ್ಲ, ಪ್ರಾಣಿಗಳ ಚಿಕಿತ್ಸೆಗೆ ಮಾತ್ರ ಎಂಬ ಅರ್ಥದ ಮಾತೂ, ಸಾಕುಪ್ರಾಣಿಯ ತಲೆಯ ಚಿತ್ರವೂ ಎದ್ದು ಕಾಣುವಂತಿರಬೇಕು. 2012ರ ಜನವರಿಯಲ್ಲಿ ಈ ನಿಯಮಕ್ಕೆ ಹೊಸ ಭಾಗವೊಂದು ಸೇರಿತು. ಆಹಾರವನ್ನೊದಗಿಸುವ ಪ್ರಾಣಿಗಳ ಔಷಧವಾದರೆ, ಅದರ ವರ್ಜ್ಯಕಾಲವನ್ನೂ ಲೇಬಲಿನ ಮೇಲೆ ನಮೂದಿಸತಕ್ಕದ್ದು. ನಿರ್ದಿಷ್ಟ ಅವಧಿಯನ್ನು ಪ್ರಯೋಗದಿಂದ ನಿರ್ಣಯಿಸಿಲ್ಲದಿದ್ದರೆ, ಹಾಲು ಮೊಟ್ಟೆಗಳಿಗೆ 7 ದಿನಕ್ಕೂ, ಮಾಂಸಕ್ಕೆ 28 ದಿನಕ್ಕೂ ಕಡಿಮೆಯಿರಕೂಡದು. ಮೀನಿಗೆ ಮಾತ್ರ ದಿನಗಳ ಲೆಕ್ಕವಿಲ್ಲ, 500 ಡಿಗ್ರಿ-ದಿನಗಳ ಲೆಕ್ಕವಿದೆ: ನೀರಿನ ಉಷ್ಣತೆಯನ್ನು ದಿನಗಳ ಸಂಖ್ಯೆಯಿಂದ ಗುಣಿಸಿದರೆ 500 ಬರಬೇಕು. ನೀರು 25 ಡಿಗ್ರಿಯಿದ್ದರೆ 20 ದಿನ, 20 ಡಿಗ್ರಿಯಿದ್ದರೆ 25 ದಿನ. ಶೀತರಕ್ತದ ಪ್ರಾಣಿಯ ಶರೀರಕ್ರಿಯೆ ನೀರಿನ ಕಾವನ್ನು ಅನುಸರಿಸುವುದರಿಂದ ಈ ನಿಯಮವು ಯುಕ್ತವೇ ಆಗಿದೆ.

ಎರಡನೆಯ ಕಾವಲು ಔಷಧದ ಅಂಗಡಿಯಲ್ಲಿ. ಅದೇ ನಿಯಮಗಳ ಅನುಸೂಚಿ ಎಚ್‌ನಲ್ಲಿ ಸೇರಿರುವ ಔಷಧಗಳನ್ನು ಅಧಿಕೃತ ವೈದ್ಯರ ಲಿಖಿತ ಸೂಚನೆಯಿಲ್ಲದೆ ಚಿಲ್ಲರೆಯಾಗಿ ಮಾರಕೂಡದು. ಜೀವಾಣುನಾಶಕಗಳಲ್ಲಿ ಬಹುಪಾಲು ಈ ಪಟ್ಟಿಯಲ್ಲಿವೆ. ಇದರೊಡನೆ 1984ರ ಭಾರತೀಯ ಪಶುವೈದ್ಯ ಪರಿಷತ್ತಿನ ಕಾಯಿದೆಯನ್ನೂ ಓದಿಕೊಳ್ಳಬೇಕು. ಪಶುವೈದ್ಯವೃತ್ತಿಯನ್ನು ನಡೆಸುವ ಹಕ್ಕನ್ನು ಅದು ನೋಂದಾಯಿತರಾದ ವೈದ್ಯರಿಗೆ ಮೀಸಲಿಟ್ಟಿದೆ.

ಮೂರನೆಯ ಕಾವಲು ಹಾಲಿನ ಮೇಲೆಯೇ. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯಿದೆಯ 21ನೆಯ ಪ್ರಕರಣವು, ಪಶುಔಷಧಗಳ ಮತ್ತು ಜೀವಾಣುನಾಶಕಗಳ ಶೇಷವು ಗೊತ್ತುಪಡಿಸಿದ ಮಿತಿಯನ್ನು ಮೀರಿ ಯಾವ ಆಹಾರದಲ್ಲಿಯೂ ಇರಕೂಡದೆಂದು ವಿಧಿಸುತ್ತದೆ. 2011ರಲ್ಲಿ ಹೊರಟ ನಿಯಮಾವಳಿಗೆ 2018ರಲ್ಲಿ ತಿದ್ದುಪಡಿಯಾಗಿ, ಹಾಲು ಮಾಂಸ ಮುಂತಾದುವುಗಳಲ್ಲಿ ಅನೇಕ ಔಷಧಗಳಿಗೆ ಮಿತಿಗಳು ಗೊತ್ತಾದುವು.

ಪರೀಕ್ಷೆಯ ಒಂದು ವಿಧಾನವು ಮೊಸರಿನ ಕಥೆಯನ್ನು ನೆನಪಿಗೆ ತರುವಂತಹುದು. ಸಣ್ಣ ಗಾಜಿನ ನಳಿಗೆಯಲ್ಲಿ, ಶಾಖವನ್ನು ಪ್ರೀತಿಸುವ ಒಂದು ಜಾತಿಯ ಜೀವಾಣುವಿನ ಬೀಜಕಗಳೂ ನೇರಿಳೆ ಬಣ್ಣದ ಒಂದು ಸೂಚಕವೂ ಇರುತ್ತವೆ. ಅದಕ್ಕೆ ಹಾಲಿನ ಕೆಲವು ಹನಿಗಳನ್ನು ಹಾಕಿ 64 ಡಿಗ್ರಿ ಸೆಂಟಿಗ್ರೇಡಿನಲ್ಲಿ ಸುಮಾರು ಮೂರು ಗಂಟೆ ಇಟ್ಟರೆ, ಜೀವಾಣು ಬೆಳೆದು ಆಮ್ಲ ಹುಟ್ಟಿ ನೇರಿಳೆಯು ಹಳದಿಯಾಗುವುದು. ಔಷಧವಿದ್ದರೆ ಜೀವಾಣು ಬೆಳೆಯದು; ನೇರಿಳೆ ನೇರಿಳೆಯಾಗಿಯೇ ಉಳಿಯುವುದು. ಗೃಹಿಣಿಯ ಹೆಪ್ಪಿನ ಪಾತ್ರೆಯೇ ಇಲ್ಲಿ ಅಳತೆಗೊಳಗಾಗಿ ಪ್ರಯೋಗಶಾಲೆಗೆ ಬಂದಿದೆ. ಆದರೆ ಮನೆಯಲ್ಲಿ ಮೊಸರಾಯಿತೆಂದ ಮಾತ್ರಕ್ಕೆ ಹಾಲು ನಿರ್ದೋಷವೆಂದು ಹೇಳುವಂತಿಲ್ಲ. ಔಷಧಗಳೆಲ್ಲವೂ ಹೆಪ್ಪನ್ನು ತಡೆಯುವುದಿಲ್ಲ.

ನಮ್ಮ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವು 2018ರಲ್ಲಿ ನಡೆಸಿ 2019ರಲ್ಲಿ ಫಲಿತಾಂಶವನ್ನು ಪ್ರಕಟಿಸಿದ ಹಾಲಿನ ಸಮೀಕ್ಷೆಯಲ್ಲಿ 6,432 ಮಾದರಿಗಳ ಪೈಕಿ 77ರಲ್ಲಿ ಜೀವಾಣುನಾಶಕಗಳು ಮಿತಿಯನ್ನು ಮೀರಿದ್ದುವು. ಶೇಕಡಾ 1.2 ಎಂದರೆ ಗಾಬರಿಪಡುವಂತಹುದಲ್ಲ. ಆದರೆ ದಿನವೂ ಹಾಲು ಕುಡಿಯುವ ದೇಶದಲ್ಲಿ ಉಪೇಕ್ಷಿಸುವಂತಹುದೂ ಅಲ್ಲ.

ಮಿತಿಯೇ ಇಲ್ಲದ ಔಷಧಗಳು

ಕೆಲವು ಔಷಧಗಳಿಗೆ ಎಷ್ಟು ಕಾದರೂ ಸಾಲದು. ಕ್ಲೋರಂಫೆನಿಕಾಲ್ ಇಂತಹುದು. ಅಪರೂಪಕ್ಕೆ ಒಬ್ಬರಿಗೆ ಇದು ಮೂಳೆಯ ಮಜ್ಜೆಯಲ್ಲಿ ರಕ್ತದ ಉತ್ಪತ್ತಿಯನ್ನೇ ನಿಲ್ಲಿಸಿಬಿಡಬಹುದು. ಇದಕ್ಕಿಂತ ಕಡಿಮೆಯಾದರೆ ನಿರಪಾಯವೆಂಬ ಪ್ರಮಾಣವನ್ನು ತಜ್ಞರು ಗೊತ್ತುಮಾಡಲಾಗಲಿಲ್ಲ. ಗೆರೆ ಎಳೆಯಲು ಸ್ಥಳವೇ ಇಲ್ಲದಿದ್ದಾಗ ಕಾನೂನಿಗೆ ಉಳಿಯುವುದು ನಿಷೇಧವೊಂದೇ. ಭಾರತ ಸರ್ಕಾರವು 2025ರಲ್ಲಿ ಕ್ಲೋರಂಫೆನಿಕಾಲ್ ಮತ್ತು ನೈಟ್ರೋಫ್ಯೂರಾನುಗಳನ್ನು ಆಹಾರದ ಪ್ರಾಣಿಗಳ ಸಾಕಣೆಯಲ್ಲಿ ನಿಷೇಧಿಸಿತು. 2019ರಲ್ಲಿ ಕೊಲಿಸ್ಟಿನ್ ನಿಷೇಧವಾದುದಕ್ಕೆ ಕಾರಣ ಬೇರೆ. ಇತರ ಔಷಧಗಳೆಲ್ಲ ಸೋತಾಗ ಮನುಷ್ಯನಿಗೆ ಉಳಿದಿರುವ ಕೊನೆಯ ಅಸ್ತ್ರಗಳಲ್ಲಿ ಅದೊಂದು. ಅದನ್ನು ಪ್ರಾಣಿಗಳಿಗೆ ಧಾರಾಳವಾಗಿ ಬಳಸಿದರೆ ಜೀವಾಣುಗಳು ಅದಕ್ಕೂ ಪಳಗಿಹೋಗುವುವು.

ಡೈಕ್ಲೊಫಿನಾಕ್ ಎಂಬ ನೋವುನಿವಾರಕದ ಕಥೆ ಇನ್ನೂ ವಿಚಿತ್ರವಾದುದು. ಅದರ ಶೇಷದಿಂದ ಕೆಟ್ಟವರು ಹಾಲು ಕುಡಿಯುವವರಲ್ಲ, ಹಸುವಿನ ಕಳೇಬರವನ್ನು ತಿನ್ನುವ ರಣಹದ್ದುಗಳು. ಅವುಗಳ ಮೂತ್ರಪಿಂಡಗಳು ನಾಶವಾಗಿ, ದೇಶದ ಬಿಳಿಬೆನ್ನಿನ ರಣಹದ್ದುಗಳಲ್ಲಿ ನೂರಕ್ಕೆ 95ಕ್ಕಿಂತ ಹೆಚ್ಚು ಇಲ್ಲವಾದುವು. ಕಾರಣವು 2004ರಲ್ಲಿ ಪ್ರಕಟವಾಯಿತು. 2006ರಲ್ಲಿ ಪಶುಚಿಕಿತ್ಸೆಯಲ್ಲಿ ಆ ಔಷಧವನ್ನು ಸರ್ಕಾರ ನಿಷೇಧಿಸಿತು. ರಾಮನಗರದ ರಾಮದೇವರ ಬೆಟ್ಟ 2012ರಲ್ಲಿ ರಣಹದ್ದುಗಳ ಅಭಯಧಾಮವಾಯಿತು. ಬೆಟ್ಟವನ್ನು ಕಾದರೆ ಮಾತ್ರ ಆ ಹಕ್ಕಿಗಳು ಉಳಿಯಲಾರವು. ಸುತ್ತಲಿನ ಕೊಟ್ಟಿಗೆಗಳ ಔಷಧವೂ ಸರಿಯಾಗಿರಬೇಕು. ಡೈಕ್ಲೊಫಿನಾಕಿಗೆ ಬದಲಾಗಿ ರಣಹದ್ದುಗಳಿಗೆ ನಿರಪಾಯವಾದ ಮೆಲಾಕ್ಸಿಕ್ಯಾಮ್ ಎಂಬ ಔಷಧ ದೊರೆಯುತ್ತದೆ.

ಕಾವಲಿಲ್ಲದ ಸ್ಥಳ

ಮೇಲೆ ಹೇಳಿದ ಮೂರು ಕಾವಲುಗಳಲ್ಲಿ ಒಂದೂ ಕೊಟ್ಟಿಗೆಯಲ್ಲಿಲ್ಲವೆಂಬುದನ್ನು ವಾಚಕರು ಗಮನಿಸಿರಬಹುದು. 2006ರ ಕಾಯಿದೆಯೇ ತನ್ನ 18ನೆಯ ಪ್ರಕರಣದಲ್ಲಿ, ರೈತನಿಗೂ ಅವನ ಬೇಸಾಯ ಮತ್ತು ಜಾನುವಾರುಗಳಿಗೂ ತಾನು ಅನ್ವಯಿಸುವುದಿಲ್ಲವೆಂದು ಸ್ಪಷ್ಟವಾಗಿ ಹೇಳುತ್ತದೆ. ಎಂದರೆ ವರ್ಜ್ಯಕಾಲವು ಲೇಬಲಿನ ಮೇಲೆ ಅಚ್ಚಾಗಬೇಕೆಂಬ ಕಟ್ಟುಪಾಡು ತಯಾರಕನಿಗೆ ಉಂಟು. ಹಾಲು ಮಿತಿಯೊಳಗಿರಬೇಕೆಂಬ ಕಟ್ಟುಪಾಡು ಮುಂದೆ ಅದನ್ನು ಮಾರುವವರಿಗೆ ಉಂಟು. ಇವೆರಡರ ನಡುವಿನ ಏಳು ದಿನಗಳನ್ನು ಪಾಲಿಸುವವನು ಮಾತ್ರ ಹಸುವಿನ ಒಡೆಯ.

ಹೊರದೇಶಗಳಲ್ಲಿ ಈ ನಡುವಿನ ಜಾಗವನ್ನೂ ತುಂಬಿದ್ದಾರೆ. 2022ರ ಜನವರಿಯಿಂದ ಜಾರಿಗೆ ಬಂದ ಯೂರೋಪಿನ ನಿಯಮದ ಪ್ರಕಾರ, ಔಷಧ ಕೊಟ್ಟ ದಿನ, ಹೆಸರು, ಪ್ರಮಾಣ, ಯಾವ ಪ್ರಾಣಿಗೆ, ಎಷ್ಟು ವರ್ಜ್ಯಕಾಲ ಎಂಬುದನ್ನೆಲ್ಲ ಹಸುಗಳ ಒಡೆಯನು ಬರೆದಿಟ್ಟು ಐದು ವರ್ಷ ಕಾಪಾಡತಕ್ಕದ್ದು. ಅಮೆರಿಕದಲ್ಲಿ ಪ್ರತಿಯೊಂದು ಟ್ಯಾಂಕರಿನ ಹಾಲನ್ನೂ ಪೆನಿಸಿಲಿನ್ ವರ್ಗದ ಔಷಧಗಳಿಗಾಗಿ ಪರೀಕ್ಷಿಸಿದಲ್ಲದೆ ಸಂಸ್ಕರಿಸುವಂತಿಲ್ಲ. ಶೇಷ ಕಂಡರೆ ಆ ಟ್ಯಾಂಕರಿನ ಹಾಲು ಮನುಷ್ಯರ ಆಹಾರಕ್ಕೆ ಸಲ್ಲದು. ಯಾರ ಕೊಟ್ಟಿಗೆಯಿಂದ ಬಂದಿತೆಂದು ಮಾದರಿಗಳಿಂದ ಪತ್ತೆ ಮಾಡಿ, ಹಾಲು ಶುದ್ಧವಾಗುವವರೆಗೆ ಅವನ ಸರಬರಾಯಿಯನ್ನು ತಡೆಯುತ್ತಾರೆ.

ಅಲ್ಲಿಯ ನೂರಾರು ಹಸುಗಳ ಒಡೆಯನಿಗೂ ನಮ್ಮ ಎರಡು ಹಸುವಿನ ಮನೆಗೂ ಇರುವ ಅಂತರವನ್ನು ಮರೆಯಲಾಗದು. ನೂರು ಹಸುಗಳಲ್ಲಿ ಒಂದರ ಹಾಲನ್ನು ಏಳು ದಿನ ಚೆಲ್ಲಿದರೆ ಅವನ ಆದಾಯದಲ್ಲಿ ನೂರನೆಯ ಒಂದು ಭಾಗ ಆ ವಾರ ಕಡಿಮೆಯಾಗುವುದು. ಎರಡು ಹಸುಗಳಲ್ಲಿ ಒಂದರ ಹಾಲನ್ನು ಚೆಲ್ಲಿದರೆ ಅರ್ಧವೇ ಹೋಗುವುದು. ದಿನಕ್ಕೆ 10 ಲೀಟರು ಕೊಡುವ ಹಸುವಾದರೆ 70 ಲೀಟರು. ಕಾಯಿದೆಯು ರೈತನನ್ನು ಹೊರಗಿಟ್ಟುದನ್ನು ದೂರುವ ಮೊದಲು ಈ ಲೆಕ್ಕವನ್ನು ಮಾಡಿ ನೋಡಬೇಕು. ಆದರೆ ನಷ್ಟವಿದೆಯೆಂದು ಅರ್ಧಾಯು ಚಿಕ್ಕದಾಗುವುದಿಲ್ಲ. ಆದುದರಿಂದ ನಷ್ಟವನ್ನು ಕಡಿಮೆ ಮಾಡುವ ದಾರಿ ಹಾಲನ್ನು ಮರೆಮಾಚುವುದಲ್ಲ, ಚಿಕಿತ್ಸೆಯ ಸಂದರ್ಭವನ್ನೇ ಕಡಿಮೆ ಮಾಡುವುದು. ಕರೆಯುವ ಮುನ್ನ ಕೆಚ್ಚಲನ್ನು ತೊಳೆದು ಒರಸುವುದು, ಕರೆದ ಮೇಲೆ ಮೊಲೆಗಳನ್ನು ಕ್ರಿಮಿನಾಶಕ ದ್ರಾವಣದಲ್ಲಿ ಅದ್ದುವುದು, ಕೊಟ್ಟಿಗೆಯ ನೆಲವನ್ನು ಒಣಗಿಸಿಡುವುದು, ಇವುಗಳಿಂದ ಕೆಚ್ಚಲುಬಾವು ಬಹುಮಟ್ಟಿಗೆ ತಗ್ಗುವುದು.

ವಿದ್ಯಾರ್ಥಿಗಳು ಮಾಡಬಹುದಾದುದು

ಈ ಪತ್ರಿಕೆಯನ್ನು ಓದುವ ಎಷ್ಟೋ ವಿದ್ಯಾರ್ಥಿಗಳ ಮನೆಯಲ್ಲಿ ಹಸುವಿರಬಹುದು. ಮನೆಯಲ್ಲಿ ಔಷಧದ ಲೇಬಲನ್ನು ಓದಬಲ್ಲವರು ಅವರೊಬ್ಬರೇ ಆಗಿರಲೂಬಹುದು. ಏಕೆಂದರೆ ಆ ಅಕ್ಷರಗಳು ಸಾಮಾನ್ಯವಾಗಿ ಇಂಗ್ಲಿಷಿನಲ್ಲಿರುತ್ತವೆ. 'ವಿತ್‌ಡ್ರಾಯಲ್ ಪೀರಿಯಡ್' ಎಂಬ ಮಾತನ್ನು ಹುಡುಕಿ, ಹಾಲಿಗೆ ಎಷ್ಟು ದಿನವೆಂದು ನೋಡಬೇಕು. ಮೊದಲ ಪ್ರಮಾಣದಿಂದಲ್ಲ, ಕೊನೆಯ ಪ್ರಮಾಣದಿಂದ ದಿನಗಳನ್ನು ಎಣಿಸಬೇಕು. ಗೋಡೆಯ ಕ್ಯಾಲೆಂಡರಿನಲ್ಲಿ ಹಾಲು ಸಲ್ಲುವ ದಿನಕ್ಕೆ ಗುರುತು ಹಾಕಿ, ಹಸುವಿನ ಹೆಸರು, ಔಷಧದ ಹೆಸರು, ಪ್ರಮಾಣ ಇಷ್ಟನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಬೇಕು. ಒಂದು ಮೊಲೆಗೆ ಮಾತ್ರ ಔಷಧ ಏರಿಸಿದ್ದರೂ ನಾಲ್ಕು ಮೊಲೆಗಳ ಹಾಲನ್ನೂ ಬಿಡತಕ್ಕದ್ದು. ಔಷಧವು ರಕ್ತವನ್ನು ಸೇರಿ ಉಳಿದ ಭಾಗಗಳಿಗೂ ಹೋಗಬಲ್ಲದು. ಬಿಟ್ಟ ಹಾಲನ್ನು ಕರುವಿಗೆ ಕುಡಿಸುವುದೂ ಒಳ್ಳೆಯ ಪದ್ಧತಿಯಲ್ಲ; ಅದರಿಂದ ಕರುವಿನ ಕರುಳಿನಲ್ಲಿ ಔಷಧಕ್ಕೆ ಜಗ್ಗದ ಜೀವಾಣುಗಳು ಬೆಳೆಯುತ್ತವೆ. ಸಂದೇಹವಿದ್ದಲ್ಲಿ ಪಶುವೈದ್ಯರನ್ನು ಕೇಳಲು ಸಂಕೋಚಪಡಬಾರದು.

ಅಭ್ಯಾಸಕ್ಕಾಗಿ ಎರಡು ಲೆಕ್ಕಗಳನ್ನು ಕೊಟ್ಟು ಈ ಲೇಖನವನ್ನು ಮುಗಿಸುತ್ತೇನೆ. ಒಂದು: ಆಕ್ಸಿಟೆಟ್ರಸೈಕ್ಲಿನ್ನಿಗೆ ಹಾಲಿನಲ್ಲಿ ಕೋಡೆಕ್ಸಿನ ಮಿತಿ ಕಿಲೋಗ್ರಾಮಿಗೆ 100 ಮೈಕ್ರೋಗ್ರಾಂ. ಆರಂಭದಲ್ಲಿ 3,200 ಮೈಕ್ರೋಗ್ರಾಂ ಇದ್ದು ಅರ್ಧಾಯು 16 ಗಂಟೆಯೆಂದು ಕಲ್ಪಿಸಿದರೆ ಮಿತಿಗೆ ಇಳಿಯಲು ಎಷ್ಟು ಗಂಟೆ ಬೇಕು? ಎರಡು: ಅದೇ ಹಸುವಿನ ಅರ್ಧಾಯು 24 ಗಂಟೆಯಾದರೆ ಎಷ್ಟು? ಮೊದಲನೆಯದಕ್ಕೆ 80 ಎಂದೂ ಎರಡನೆಯದಕ್ಕೆ 120 ಎಂದೂ ಉತ್ತರ ಬಂದರೆ ಲೆಕ್ಕ ಸರಿಯಾಗಿದೆ. ನಮಗೆ ಹಾಲು ಕೊಡುವವರ ಮನೆಯ ಹುಡುಗಿಗೆ ನಾನು ಈ ಎರಡು ಲೆಕ್ಕಗಳನ್ನು ಹೇಳಿಕೊಟ್ಟಿದ್ದೆ. ಅಂದಿನಿಂದ ಅವರ ಕೊಟ್ಟಿಗೆಯ ಕಂಬದಲ್ಲಿ ಒಂದು ಕ್ಯಾಲೆಂಡರು ತೂಗಾಡುತ್ತಿದೆ. ಕೆಲವು ತಿಂಗಳುಗಳಲ್ಲಿ ಅದರ ಮೇಲೆ ಏಳು ದಿನಗಳಿಗೆ ಕೆಂಪು ಗೆರೆ ಇರುತ್ತದೆ. ಆ ದಿನಗಳಲ್ಲಿ ನಾವು ಬೇರೆ ಮನೆಯಿಂದ ಹಾಲು ತರುತ್ತೇವೆ.